ವರ್ಚುವಲ್ ಜಗತ್ತಿನಲ್ಲಿ ಪಾಠ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಶಾಲೆಗಳಿಗೆ ಒಂದು ಕೈಪಿಡಿ

ಕಂಪ್ಯೂಟರ್ ಕಟ್ಟಿಕೊಡುವ ಮೂರು ಆಯಾಮದ ಜಾಗದೊಳಗೆ ವಿದ್ಯಾರ್ಥಿಗಳು ತಾವೇ ಓಡಾಡಿ, ವಸ್ತುಗಳನ್ನು ಜರುಗಿಸಿ, ಜೊತೆಗಾರರೊಂದಿಗೆ ಸೇರಿ ಕಟ್ಟಿ ಕಲಿಯುವುದನ್ನು ವರ್ಚುವಲ್ ಜಗತ್ತಿನ ಕಲಿಕೆ ಎನ್ನುತ್ತಾರೆ. ಇದು ಎರಡು ರೀತಿಯಲ್ಲಿ ನಡೆಯುತ್ತದೆ. ಮಾಮೂಲಿ ಕಂಪ್ಯೂಟರ್ ಪರದೆಯ ಮೇಲೆ ಕೀಲಿಮಣೆ ಮತ್ತು ಮೌಸ್ ಹಿಡಿದು ಆ ಜಗತ್ತಿನಲ್ಲಿ ಸಂಚರಿಸುವುದು ಒಂದು. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು, ತಲೆ ಹೊರಳಿಸಿದತ್ತ ದೃಶ್ಯವೂ ಹೊರಳುವಂತೆ ಅದರೊಳಗೆ ನಿಲ್ಲುವುದು ಇನ್ನೊಂದು. ಸುದ್ದಿಯಾಗುವುದು ಎರಡನೆಯದಾದರೂ ಶಾಲೆಗೆ ಹೆಚ್ಚು ಒದಗುವುದು ಮೊದಲನೆಯದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಯಾವುದೇ ಪ್ರೌಢಶಾಲೆಯಲ್ಲಿ ನಾಲ್ಕಾರು ಕಂಪ್ಯೂಟರ್‌ಗಳು ನಡೆಯುವ ಸ್ಥಿತಿಯಲ್ಲಿದ್ದರೆ ಇದನ್ನು ಆರಂಭಿಸಬಹುದು.

ಬಂದ ದಾರಿ

ನಿಜವಾದ ಅಪಾಯವಿಲ್ಲದೆ ನಿಜದಂಥ ಅನುಭವ ಕೊಡುವ ಪ್ರಯತ್ನ ಹಳೆಯದು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ನೆಲದ ಮೇಲೆಯೇ ವಿಮಾನ ಹಾರಾಟ ಕಲಿಸುವ ಯಂತ್ರ ರೂಪಿಸಿದ. 1968ರಲ್ಲಿ ಐವನ್ ಸದರ್‌ಲ್ಯಾಂಡ್ ತಲೆಗೆ ಧರಿಸುವ ಕಂಪ್ಯೂಟರ್ ಪರದೆಯನ್ನು ತೋರಿಸಿದ. ಹಲವರು ಒಟ್ಟಿಗೆ ಪ್ರವೇಶಿಸುವ ಜಗತ್ತು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಬರೀ ಅಕ್ಷರಗಳ ರೂಪದಲ್ಲಿ ಹುಟ್ಟಿತು. 2003ರಲ್ಲಿ ಬಂದ ಸೆಕೆಂಡ್ ಲೈಫ್ ಎಂಬ ಮೂರು ಆಯಾಮದ ಜಗತ್ತಿನಲ್ಲಿ ಅನೇಕ ವಿಶ್ವವಿದ್ಯಾಲಯಗಳು ತರಗತಿಗಳನ್ನು ನಡೆಸಿದವು.

ಶಾಲಾ ಮಕ್ಕಳ ಮಟ್ಟಿಗೆ ಮುಖ್ಯವಾದ ಪ್ರಯೋಗ ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಡೀಡ್ ಮತ್ತು ಸಂಗಡಿಗರು ರೂಪಿಸಿದ 'ರಿವರ್ ಸಿಟಿ'. ಹತ್ತೊಂಬತ್ತನೆಯ ಶತಮಾನದ ಕಾಲ್ಪನಿಕ ಪಟ್ಟಣವೊಂದರಲ್ಲಿ ಜನ ಕಾಯಿಲೆ ಬೀಳುತ್ತಿದ್ದಾರೆ. ಮಕ್ಕಳು ಬೀದಿ ಬೀದಿ ತಿರುಗಿ, ನಿವಾಸಿಗಳನ್ನು ವಿಚಾರಿಸಿ, ನೀರು ಪರೀಕ್ಷಿಸಿ, ರೋಗ ಹೇಗೆ ಹರಡುತ್ತಿದೆಯೆಂದು ಪತ್ತೆ ಹಚ್ಚಬೇಕು. ವಿಜ್ಞಾನಿಯ ಹಾಗೆ ಪ್ರಶ್ನೆ ಕೇಳುವುದನ್ನು ಈ ಪಾಠ ಅಭ್ಯಾಸ ಮಾಡಿಸಿತು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ದೊಡ್ಡ ಕೆಲಸ ನಡೆದದ್ದು ಹಂಪಿಯ ಮೇಲೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಭಾರತೀಯ ಡಿಜಿಟಲ್ ಪರಂಪರೆ ಯೋಜನೆಯಲ್ಲಿ ಕಂಪ್ಯೂಟರ್ ತಜ್ಞರು, ಇತಿಹಾಸಕಾರರು ಮತ್ತು ವಿನ್ಯಾಸಕಾರರು ಸೇರಿ ವಿಠ್ಠಲ ದೇವಾಲಯವೂ ಸೇರಿದಂತೆ ಹಂಪಿಯನ್ನು ಮೂರು ಆಯಾಮಗಳಲ್ಲಿ ಮರುಕಟ್ಟಿದರು. ಹುಬ್ಬಳ್ಳಿಯ ಬಿ.ವಿ.ಬಿ. ತಾಂತ್ರಿಕ ಕಾಲೇಜು ಕೂಡ ಈ ಕೆಲಸದಲ್ಲಿ ಪಾಲುಗೊಂಡಿತ್ತು. ತಜ್ಞರು ದೊಡ್ಡ ಪ್ರಮಾಣದಲ್ಲಿ ಮಾಡಿದ ಈ ಕೆಲಸವನ್ನು ಶಾಲೆಯ ಮಕ್ಕಳು ತಮ್ಮ ಊರಿನ ಮಟ್ಟಿಗೆ ಸರಳ ಸಲಕರಣೆಗಳಿಂದ ಮಾಡಲು ಸಾಧ್ಯ.

ಯಾವ ಪಾಠಕ್ಕೆ ಬೇಕು, ಯಾವುದಕ್ಕೆ ಬೇಡ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್‌ಸನ್ ಈ ಆಯ್ಕೆಗೊಂದು ಸರಳ ಅಳತೆ ಕೊಟ್ಟಿದ್ದಾರೆ. ನಿಜ ಜೀವನದಲ್ಲಿ ಅಪಾಯಕಾರಿಯಾದದ್ದು, ಅಸಾಧ್ಯವಾದದ್ದು, ಕೆಟ್ಟ ಪರಿಣಾಮ ಬೀರುವಂಥದ್ದು ಅಥವಾ ತೀರಾ ದುಬಾರಿಯಾದದ್ದು ಮಾತ್ರ ವರ್ಚುವಲ್ ಜಗತ್ತಿಗೆ ತಕ್ಕ ವಿಷಯ. ರಕ್ತನಾಳದ ಒಳಗೆ ಹೋಗುವುದು ಅಸಾಧ್ಯ; ನೆರೆ ಬಂದ ಊರಿಗೆ ಮಕ್ಕಳನ್ನು ಕರೆದೊಯ್ಯುವುದು ಅಪಾಯ. ಆದರೆ ಜೋಳದ ಬೀಜ ಮೊಳೆಯುವುದನ್ನು ಪರದೆಯ ಮೇಲೆ ತೋರಿಸಬೇಕಾಗಿಲ್ಲ. ಒದ್ದೆ ಬಟ್ಟೆಯಲ್ಲಿ ಒಂದು ಹಿಡಿ ಜೋಳ ಕಟ್ಟಿಟ್ಟರೆ ಎರಡು ಮೂರು ದಿನಗಳಲ್ಲಿ ಮಕ್ಕಳೇ ಅದನ್ನು ಕಾಣುತ್ತಾರೆ.

ಹೆಡ್‌ಸೆಟ್ ಹಾಕಿದೊಡನೆ ಕಲಿಕೆ ಹೆಚ್ಚುತ್ತದೆಂಬ ನಂಬಿಕೆಯೂ ಸರಿಯಲ್ಲ. ಸಂಶೋಧಕ ಗೈಡೋ ಮಕ್ರಾನ್‌ಸ್ಕಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಪ್ರಯೋಗಾಲಯ ಪಾಠವನ್ನು ಕೆಲವರು ಪರದೆಯಲ್ಲೂ ಕೆಲವರು ಹೆಡ್‌ಸೆಟ್‌ನಲ್ಲೂ ಕಲಿತರು. ಹೆಡ್‌ಸೆಟ್ ಹಾಕಿದವರಿಗೆ ತಾವು ಅಲ್ಲಿಯೇ ಇದ್ದೇವೆಂಬ ಭಾವ ಹೆಚ್ಚಾಗಿತ್ತು. ಕಲಿತದ್ದು ಮಾತ್ರ ಕಡಿಮೆ. ಜೋಸ್ಲಿನ್ ಪರಾಂಗ್ ಮತ್ತು ರಿಚರ್ಡ್ ಮೇಯರ್ 2018ರಲ್ಲಿ ಇಂಥದೇ ಫಲಿತಾಂಶ ಕಂಡರು. ಜೊತೆಗೆ ಇನ್ನೊಂದು ಮುಖ್ಯ ಸಂಗತಿಯನ್ನೂ ಗುರುತಿಸಿದರು: ಪಾಠದ ಪ್ರತಿಯೊಂದು ಭಾಗ ಮುಗಿದ ಮೇಲೆ ನಿಲ್ಲಿಸಿ, ಕಂಡದ್ದನ್ನು ಸ್ವಂತ ಮಾತಿನಲ್ಲಿ ಸಂಗ್ರಹಿಸಿ ಬರೆದವರ ಕಲಿಕೆ ಸುಧಾರಿಸಿತು. ಶಿಕ್ಷಕರು ನೆನಪಿಡಬೇಕಾದ ತಿರುಳು ಇದೇ. ದೃಶ್ಯ ಬೆರಗು ಹುಟ್ಟಿಸುತ್ತದೆ, ಆದರೆ ಕಲಿಕೆ ಆಗುವುದು ಮಗು ಕಟ್ಟಿದಾಗ, ಲೆಕ್ಕ ಹಾಕಿದಾಗ, ವಾದಿಸಿದಾಗ, ಬರೆದಾಗ.

ಕೈಗೆಟಕುವ ಸಲಕರಣೆಗಳು

ಮೊದಲ ಮೆಟ್ಟಿಲಾಗಿ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಕಂಪ್ಯೂಟರ್ ಚಟುವಟಿಕೆಗಳನ್ನು ಬಳಸಬಹುದು. 2002ರಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ ಆರಂಭಿಸಿದ ಇವು ಉಚಿತ. ಹಲವು ಕನ್ನಡದಲ್ಲೂ ಇವೆ, ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ವಿದ್ಯುನ್ಮಂಡಲ, ಬೆಳಕಿನ ವಕ್ರೀಭವನದಂಥ ಪಾಠಗಳಿಗೆ ಇವು ಸಾಕು. 9ರಿಂದ 12ನೆಯ ತರಗತಿಯ ಪ್ರಯೋಗಗಳಿಗೆ ಅಮೃತಾ ವಿಶ್ವ ವಿದ್ಯಾಪೀಠಂ ಮತ್ತು ಸಿ-ಡ್ಯಾಕ್ ರೂಪಿಸಿದ ಓ-ಲ್ಯಾಬ್ಸ್ ಎಂಬ ಆನ್‌ಲೈನ್ ಪ್ರಯೋಗಾಲಯವಿದೆ. ಖಗೋಳಕ್ಕೆ ಸ್ಟೆಲೇರಿಯಮ್ ಎಂಬ ಉಚಿತ ತಂತ್ರಾಂಶವಿದೆ. ಊರಿನ ಅಕ್ಷಾಂಶ, ರೇಖಾಂಶ ಮತ್ತು ದಿನಾಂಕ ಕೊಟ್ಟರೆ ಆ ಊರಿನ ಆ ಹೊತ್ತಿನ ಆಕಾಶವನ್ನು ಅದು ತೋರಿಸುತ್ತದೆ.

ಮಕ್ಕಳು ತಾವೇ ಕಟ್ಟುವ ಜಗತ್ತಿಗೆ ಲುವಾಂಟಿ ತಕ್ಕದ್ದು. 2010ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶದ ಹೆಸರು 2024ರ ಅಕ್ಟೋಬರ್‌ವರೆಗೆ ಮೈನ್‌ಟೆಸ್ಟ್ ಎಂದಿತ್ತು. ಎಲ್ಲವೂ ಘನಾಕೃತಿಯ ಬ್ಲಾಕ್‌ಗಳಿಂದ ಆದದ್ದು. ಒಂದು ಬ್ಲಾಕ್ ಒಂದು ಮೀಟರ್ ಉದ್ದ, ಅಗಲ, ಎತ್ತರ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೂರರಲ್ಲೂ ನಡೆಯುತ್ತದೆ, ಹಳೆಯ ಕಂಪ್ಯೂಟರ್‌ಗಳಲ್ಲೂ ಸಾಮಾನ್ಯವಾಗಿ ಓಡುತ್ತದೆ. ಸರ್ಕಾರಿ ಪ್ರೌಢಶಾಲೆಗಳಿಗೆ ತಂತ್ರಜ್ಞಾನ ನೆರವಿನ ಕಲಿಕೆಯ ಟಿಎಎಲ್‌ಪಿ ಯೋಜನೆಯಲ್ಲಿ ಬಂದ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್‌ಗಳನ್ನು, ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಅಲ್ಲಿನ ಸಲಕರಣೆಗಳನ್ನು ಇದಕ್ಕೆ ಬಳಸಬಹುದು.

ಅಗ್ಗದ ಹೆಡ್‌ಸೆಟ್ ಬೇಕೆಂದರೆ 2014ರಲ್ಲಿ ಗೂಗಲ್ ಪರಿಚಯಿಸಿದ ಕಾರ್ಡ್‌ಬೋರ್ಡ್ ಮಾದರಿ ಇದೆ: ರಟ್ಟಿನ ಪೆಟ್ಟಿಗೆ, ಎರಡು ಮಸೂರ, ಒಂದು ಸ್ಮಾರ್ಟ್‌ಫೋನ್. ಫೋನಿನಲ್ಲಿ ಗೈರೋಸ್ಕೋಪ್ ಇದ್ದರೆ ಮಾತ್ರ ತಲೆ ಹೊರಳಿಸಿದಂತೆ ದೃಶ್ಯ ಸರಿಯಾಗಿ ಹೊರಳುತ್ತದೆ. ಅಗ್ಗದ ಫೋನುಗಳಲ್ಲಿ ಹಲವಕ್ಕೆ ಅದಿರುವುದಿಲ್ಲ, ಮೊದಲೇ ನೋಡಿಕೊಳ್ಳಬೇಕು. ದುಬಾರಿ ಹೆಡ್‌ಸೆಟ್ ಕೊಳ್ಳುವ ಯೋಚನೆಯನ್ನು ಒಂದು ವರ್ಷ ಪರದೆಯ ಮೇಲೆ ಪಾಠ ನಡೆಸಿದ ನಂತರಕ್ಕೆ ಇಟ್ಟುಕೊಳ್ಳುವುದು ಮೇಲು.

ಲ್ಯಾಬ್ ಸಜ್ಜುಗೊಳಿಸುವುದು

1. ಇಂಟರ್ನೆಟ್ ಸಿಗುವ ಕಡೆ ಲುವಾಂಟಿಯನ್ನೂ ಅದರೊಳಗೆ ಬೇಕಾದ 'ಗೇಮ್' ಕಡತವನ್ನೂ ಒಮ್ಮೆ ಇಳಿಸಿಕೊಂಡು, ಪೆನ್‌ಡ್ರೈವ್ ಮೂಲಕ ಎಲ್ಲ ಕಂಪ್ಯೂಟರ್‌ಗಳಿಗೂ ಹಾಕಬೇಕು. ಎಲ್ಲದರಲ್ಲೂ ಒಂದೇ ಆವೃತ್ತಿ ಇರಲಿ.

2. ಕಂಪ್ಯೂಟರ್‌ಗಳನ್ನು ಕೇಬಲ್ ಇಲ್ಲವೆ ವೈಫೈ ರೂಟರ್ ಮೂಲಕ ಪರಸ್ಪರ ಜೋಡಿಸಬೇಕು. ರೂಟರ್‌ಗೆ ಇಂಟರ್ನೆಟ್ ಸಂಪರ್ಕ ಇರಬೇಕೆಂದಿಲ್ಲ. ಇಲ್ಲದಿರುವುದು ಮಕ್ಕಳ ಸುರಕ್ಷತೆಗೂ ಒಳ್ಳೆಯದು.

3. ಶಿಕ್ಷಕರ ಕಂಪ್ಯೂಟರ್‌ನಲ್ಲಿ ಸಮತಟ್ಟಾದ ನೆಲದ ಹೊಸ ಜಗತ್ತು ರಚಿಸಿ, ಕ್ರಿಯೇಟಿವ್ ಮೋಡ್ ಮತ್ತು ಹೋಸ್ಟ್ ಸರ್ವರ್ ಆಯ್ಕೆಗಳನ್ನು ಗುರುತು ಮಾಡಬೇಕು. ಪೆಟ್ಟಾಗುವ, ಸಾಯುವ ಆಯ್ಕೆಯನ್ನೂ ಜಗತ್ತನ್ನು ಹೊರಗೆ ಪ್ರಕಟಿಸುವ ಅನೌನ್ಸ್ ಆಯ್ಕೆಯನ್ನೂ ತೆಗೆದಿಡಬೇಕು.

4. ಉಳಿದ ಕಂಪ್ಯೂಟರ್‌ಗಳಲ್ಲಿ ಜಾಯಿನ್ ಗೇಮ್ ಒತ್ತಿ, ಶಿಕ್ಷಕರ ಕಂಪ್ಯೂಟರ್‌ನ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆ 30000 ಕೊಟ್ಟರೆ ಎಲ್ಲರೂ ಒಂದೇ ಜಗತ್ತಿಗೆ ಬರುತ್ತಾರೆ. ಮಕ್ಕಳ ನಿಜ ಹೆಸರಿನ ಬದಲು ತಂಡದ ಹೆಸರು ಬಳಸಬೇಕು.

5. ಜಗತ್ತಿನೊಳಗೆ ಇಡುವ ಫಲಕಗಳಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಮೊದಲೇ ನೋಡಬೇಕು. ಮೂಡದಿದ್ದರೆ ಫಲಕದ ಮೇಲೆ ಅಂಕಿ ಮಾತ್ರ ಹಾಕಿ, ಆ ಅಂಕಿಯ ಕನ್ನಡ ವಿವರಣೆಯನ್ನು ಕಾಗದದ ಚೀಟಿಯಲ್ಲಿ ಕೊಡಬೇಕು.

6. ಕರೆಂಟ್ ಹೋಗುವ ಹೊತ್ತು ತಿಳಿದಿದ್ದರೆ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಬೇಕು. ಶಿಕ್ಷಕರ ಕಂಪ್ಯೂಟರ್ ಮತ್ತು ರೂಟರ್‌ಗಾದರೂ ಯುಪಿಎಸ್ ಇರಲಿ. ಸರ್ವರ್ ನಡೆಸಲು ಬ್ಯಾಟರಿ ಇರುವ ಲ್ಯಾಪ್‌ಟಾಪ್ ಅನುಕೂಲ.

ನಾಲ್ಕು ತಾಲ್ಲೂಕು, ನಾಲ್ಕು ಪಾಠ

*ಇಂಡಿ: ಸಾಲೋಟಗಿಯ ವಿದ್ಯಾಕೇಂದ್ರ (ಇತಿಹಾಸ).* ಇಂಡಿಯ ಹತ್ತಿರದ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯನ್ನು ಅದು ವರ್ಣಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗೃಹಗಳಿದ್ದವು. ದೀಪದ ಖರ್ಚಿಗೂ ಭೂಮಿ ಬಿಡಲಾಗಿತ್ತು. ಸಾವಿರ ವರ್ಷಕ್ಕೂ ಹಿಂದೆ ದೂರದ ವಿದ್ಯಾರ್ಥಿಗಳನ್ನು ಸೆಳೆದ ಈ ಜಾಗವನ್ನು ಮಕ್ಕಳು ಮರುಕಟ್ಟಬಹುದು. ಶಾಸನ ಮನೆಗಳ ಸಂಖ್ಯೆ ಹೇಳುತ್ತದೆ, ನಕ್ಷೆ ಕೊಡುವುದಿಲ್ಲ. ಹೀಗಾಗಿ ಪ್ರತಿ ತಂಡವೂ ಪುಸ್ತಕದಲ್ಲಿ 'ಆಧಾರ' ಮತ್ತು 'ಊಹೆ' ಎಂದು ಎರಡು ಕಂಬಸಾಲು ಹಾಕಿಕೊಂಡು, ತಾನಿಟ್ಟ ಪ್ರತಿಯೊಂದು ಗೋಡೆ, ಬಾವಿ, ಅಂಗಳವನ್ನು ಯಾವುದಾದರೂ ಒಂದರಲ್ಲಿ ಬರೆಯಬೇಕು. ಪರಂಪರೆಯನ್ನು ಕಂಪ್ಯೂಟರಿನಲ್ಲಿ ಮರುರೂಪಿಸುವವರಿಗಾಗಿ ರಚಿತವಾದ ಲಂಡನ್ ಚಾರ್ಟರ್ ಕೇಳುವುದೂ ಇದನ್ನೇ: ತಿಳಿದದ್ದು ಎಲ್ಲಿ ಮುಗಿಯಿತು, ಊಹೆ ಎಲ್ಲಿ ಶುರುವಾಯಿತು ಎಂಬುದು ನೋಡುವವರಿಗೆ ಗೊತ್ತಾಗಬೇಕು. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಬೆಲೆಬಾಳುವ ಅಭ್ಯಾಸ ಅಪರೂಪ.

*ಬಸವನ ಬಾಗೇವಾಡಿ: ಒಂದು ಟಿಎಂಸಿ ಎಂದರೆ ಎಷ್ಟು (ಗಣಿತ).* ಹಿಂದೆ ಬಾಗೇವಾಡಿ ತಾಲ್ಲೂಕಿನಲ್ಲಿದ್ದ, ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದ ಆಲಮಟ್ಟಿಯ ಜಲಾಶಯದ ಮಟ್ಟ ಮಳೆಗಾಲದಲ್ಲಿ ದಿನವೂ ಸುದ್ದಿ. ಗರಿಷ್ಠ ಮಟ್ಟ 519.60 ಮೀಟರ್, ಸಂಗ್ರಹ ಸಾಮರ್ಥ್ಯ ಸುಮಾರು 123 ಟಿಎಂಸಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಉದ್ದ, ಅಗಲ, ಎತ್ತರ ತಲಾ 1,000 ಅಡಿ ಇರುವ ನೀರಿನ ಘನ. ಮೀಟರಿನಲ್ಲಿ ಪ್ರತಿ ಬದಿ ಸುಮಾರು 305. ಲುವಾಂಟಿಯಲ್ಲಿ ಇದನ್ನು ಪೂರ್ತಿ ತುಂಬಿಸಲು ಎರಡೂಮುಕ್ಕಾಲು ಕೋಟಿಗೂ ಹೆಚ್ಚು ಬ್ಲಾಕ್ ಬೇಕು. ಹಾಗಾಗಿ 12 ಅಂಚುಗಳನ್ನು ಮಾತ್ರ ಚೌಕಟ್ಟಿನಂತೆ ಕಟ್ಟಬೇಕು. ಒಂದು ಬ್ಲಾಕಿಗೆ 10 ಮೀಟರ್ ಎಂದು ಪ್ರಮಾಣ ಹಿಡಿದರೆ ಬದಿಗೆ 30 ಬ್ಲಾಕ್ ಸಾಕು. ಪಕ್ಕದಲ್ಲಿ ಅದೇ ಪ್ರಮಾಣದಲ್ಲಿ ಸುಮಾರು 51 ಮೀಟರ್ ಎತ್ತರದ ಗೋಳಗುಮ್ಮಟವನ್ನು ನಿಲ್ಲಿಸಿದರೆ ಅದು ಐದೇ ಬ್ಲಾಕ್ ಎತ್ತರ ಬರುತ್ತದೆ. ಒಂದು ಟಿಎಂಸಿ ನೀರು ಸುಮಾರು ಆರು ಗೋಳಗುಮ್ಮಟಗಳಷ್ಟು ಎತ್ತರ ಎಂಬುದು ಆಗ ಮನಸ್ಸಿನಲ್ಲಿ ಉಳಿಯುತ್ತದೆ. ಪ್ರಮಾಣವನ್ನು ಅರ್ಧಕ್ಕಿಳಿಸಿದರೆ ನೆಲದ ವಿಸ್ತೀರ್ಣ ಕಾಲುಭಾಗಕ್ಕೂ ಘನಫಲ ಎಂಟನೆಯ ಒಂದು ಭಾಗಕ್ಕೂ ಇಳಿಯುವುದನ್ನು ಮಕ್ಕಳು ಬ್ಲಾಕ್ ಎಣಿಸಿಯೇ ಕಂಡುಕೊಳ್ಳಬಹುದು.

*ಮುದ್ದೇಬಿಹಾಳ: ನೆರಳು ಮತ್ತು ಭೂಮಿಯ ಸುತ್ತಳತೆ (ವಿಜ್ಞಾನ).* ಮುದ್ದೇಬಿಹಾಳ ಸುಮಾರು 16.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಇಂಡಿ ಸುಮಾರು 17.2ರಲ್ಲಿ. ಎರಡೂ ಕಡೆ ಸೂರ್ಯ ವರ್ಷಕ್ಕೆ ಎರಡು ಸಲ, ಮೇ ಮೊದಲ ಹತ್ತು ದಿನಗಳಲ್ಲಿ ಮತ್ತು ಆಗಸ್ಟ್ ಮೊದಲ ಹತ್ತು ದಿನಗಳಲ್ಲಿ, ನಡುನೆತ್ತಿಗೆ ಬಂದು ನೆಟ್ಟ ಕೋಲಿನ ನೆರಳು ಇಲ್ಲವಾಗುತ್ತದೆ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಸ್ಟೆಲೇರಿಯಮ್‌ನಲ್ಲಾದರೆ ಯಾವ ದಿನ ಬೇಕಾದರೂ ಇದನ್ನು ನೋಡಬಹುದು. ಮುದ್ದೇಬಿಹಾಳದಲ್ಲಿ ಆ ದಿನ ಮೇ ತಿಂಗಳಲ್ಲಿ ಇಂಡಿಗಿಂತ ಮೊದಲು, ಆಗಸ್ಟ್‌ನಲ್ಲಿ ಇಂಡಿಯ ನಂತರ ಬರುತ್ತದೆ. ಕಾರಣವನ್ನು ಮಕ್ಕಳೇ ಹುಡುಕಲಿ.

ಮುಂದಿನ ಭಾಗ ಅಂಗಳದಲ್ಲಿ. ಡಿಸೆಂಬರ್‌ನ ತಿಳಿ ಆಕಾಶದಲ್ಲಿ ಒಂದೇ ದಿನ ಎರಡೂ ಊರುಗಳ ಶಾಲೆಗಳು ಒಂದು ಮೀಟರ್ ಎತ್ತರದ ನೇರ ಕೋಲು ನೆಟ್ಟು, ನಡುಹಗಲಿನ ಅತಿ ಗಿಡ್ಡ ನೆರಳನ್ನು ಅಳೆದು ಫೋನಿನಲ್ಲಿ ಹಂಚಿಕೊಳ್ಳಬೇಕು. ನೆರಳು ಸುಮಾರು 80 ಸೆಂಟಿಮೀಟರ್ ಅಥವಾ ಅದಕ್ಕಿಂತ ತುಸು ಹೆಚ್ಚು ಇರುತ್ತದೆ, ಎರಡರ ನಡುವಿನ ವ್ಯತ್ಯಾಸ ಸುಮಾರು ಎರಡೂವರೆ ಸೆಂಟಿಮೀಟರ್. ಕೋಲು ಮತ್ತು ನೆರಳಿನಿಂದ ಸೂರ್ಯನ ಕೋನ ತೆಗೆದರೆ ಎರಡೂ ಊರುಗಳ ಕೋನಗಳ ಅಂತರ ಒಂದು ಡಿಗ್ರಿಗಿಂತ ತುಸು ಕಡಿಮೆ ಬರುತ್ತದೆ. ಉತ್ತರ–ದಕ್ಷಿಣ ದೂರ ಸುಮಾರು 90 ಕಿಲೊಮೀಟರ್. ಇವೆರಡರಿಂದ 360 ಡಿಗ್ರಿಗೆ ಎಷ್ಟೆಂದು ಲೆಕ್ಕ ಹಾಕಿದರೆ ಸುಮಾರು 40,000 ಕಿಲೊಮೀಟರ್ ಆದ ಭೂಮಿಯ ಸುತ್ತಳತೆಯ ಹತ್ತಿರಕ್ಕೆ ಹೋಗಬಹುದು. ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಅನುಸರಿಸಿದ ವಿಧಾನವೂ ಇದೇ ಬಗೆಯದು. ಅರ್ಧ ಸೆಂಟಿಮೀಟರ್ ತಪ್ಪಿದರೂ ಉತ್ತರ ಎಷ್ಟು ದೂರ ಹೋಗುತ್ತದೆಂದು ನೋಡುವುದೂ ಪಾಠದ ಭಾಗವೇ.

*ಸಿಂದಗಿ: ನೆರೆ ಇಳಿದ ಮೇಲೆ (ಆರೋಗ್ಯ).* 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ನೆರೆ ಇಂಡಿ, ಸಿಂದಗಿ ಭಾಗದ ನದಿತೀರದ ಊರುಗಳಿಗೆ ನುಗ್ಗಿತ್ತು. ರಿವರ್ ಸಿಟಿಯ ಮಾದರಿಯಲ್ಲಿ ಭೀಮಾ ದಂಡೆಯ ಕಾಲ್ಪನಿಕ ಹಳ್ಳಿಯೊಂದನ್ನು ಶಿಕ್ಷಕರು ಮೊದಲೇ ಕಟ್ಟಿಡಬೇಕು: ಎರಡು ಬಾವಿ, ಒಂದು ಬೋರ್‌ವೆಲ್, ದನದ ಕೊಟ್ಟಿಗೆ, ತಿಪ್ಪೆ, ಶೌಚಾಲಯಗಳು, ಮನೆಗಳು, ನೀರು ಏರಿದ ಮಟ್ಟ ತೋರಿಸುವ ಬಣ್ಣದ ಬ್ಲಾಕ್‌ಗಳ ಸಾಲು. ಪ್ರತಿ ಮನೆಯ ಬಾಗಿಲಿಗೆ ಒಂದು ಅಂಕಿ. ಆ ಅಂಕಿಯ ಚೀಟಿಯಲ್ಲಿ ಮನೆಯಲ್ಲಿ ಎಷ್ಟು ಜನರಿಗೆ ವಾಂತಿಭೇದಿ ಆಗಿದೆ, ಯಾವ ನೀರು ಕುಡಿಯುತ್ತಾರೆ, ಕಾಯಿಸುತ್ತಾರೆಯೇ ಎಂಬ ವಿವರ. ತಂಡಗಳು ನಕ್ಷೆ ಬರೆದು, ಕಾಯಿಲೆಯ ಮೂಲ ಯಾವುದೆಂದು ಊಹಿಸಿ, ಅದನ್ನು ಪರೀಕ್ಷಿಸಲು ಒಂದೇ ಒಂದು ನೀರಿನ ಮೂಲದ ಪರೀಕ್ಷಾ ಫಲಿತಾಂಶವನ್ನು ಶಿಕ್ಷಕರಿಂದ ಕೇಳಬಹುದು. ಒಂದೇ ಅವಕಾಶವಿರುವುದರಿಂದ ಕೇಳುವ ಮೊದಲು ಯೋಚಿಸಬೇಕಾಗುತ್ತದೆ. ನೆರೆಯಲ್ಲಿ ಮನೆ ಅಥವಾ ಬೆಳೆ ಕಳೆದುಕೊಂಡ ಕುಟುಂಬದ ಮಕ್ಕಳು ತರಗತಿಯಲ್ಲಿದ್ದರೆ ಅವರೊಂದಿಗೆ ಮೊದಲೇ ಮಾತಾಡಿ, ಅವರಿಗೆ ಒಪ್ಪಿಗೆಯಿಲ್ಲದಿದ್ದರೆ ನೆರೆಯ ಬದಲು ಒಡೆದ ನೀರಿನ ಪೈಪಿನ ಕತೆ ಇಟ್ಟುಕೊಳ್ಳಬೇಕು.

ತರಗತಿ ನಡೆಸುವ ಕ್ರಮ

ಒಂದು ಪಾಠಕ್ಕೆ 40 ನಿಮಿಷದ ಮೂರು ಅವಧಿ ಬೇಕು. ಮೊದಲನೆಯದು ಕಂಪ್ಯೂಟರ್ ಇಲ್ಲದೆ: ಪ್ರಶ್ನೆ ಏನು, ಗೊತ್ತಿರುವುದು ಏನು, ಒಳಗೆ ಹೋಗಿ ಏನು ಹುಡುಕಬೇಕು ಎಂಬುದನ್ನು ಪುಸ್ತಕದಲ್ಲಿ ಬರೆದು, ಚೌಕಳಿ ಹಾಳೆಯಲ್ಲಿ ನಕ್ಷೆ ಹಾಕಿಕೊಳ್ಳುವುದು. ಎರಡನೆಯದು ಜಗತ್ತಿನ ಒಳಗೆ. ಮೂರನೆಯದು ಮತ್ತೆ ಹೊರಗೆ: ತಂಡಗಳು ತಮ್ಮ ಕೆಲಸವನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಿ, ಇತರರ ಪ್ರಶ್ನೆಗೆ ಉತ್ತರಿಸುವುದು. ಅವಸರದಲ್ಲಿ ಮೂರನೆಯ ಅವಧಿಯನ್ನು ಬಿಟ್ಟರೆ ಪಾಠ ಆಟವಾಗಿಯೇ ಉಳಿಯುತ್ತದೆ.

ಕಂಪ್ಯೂಟರ್ ಒಂದಕ್ಕೆ ನಾಲ್ವರು. ಒಬ್ಬರ ಕೈಯಲ್ಲಿ ಮೌಸ್, ಒಬ್ಬರ ಕೈಯಲ್ಲಿ ನಕ್ಷೆ, ಒಬ್ಬರು ಬರೆಯುವವರು, ಇನ್ನೊಬ್ಬರು ಎಣಿಸಿ ತಾಳೆ ನೋಡುವವರು. ಎಂಟು ನಿಮಿಷಕ್ಕೊಮ್ಮೆ ಸ್ಥಾನ ಬದಲಾದರೆ 32 ನಿಮಿಷದಲ್ಲಿ ನಾಲ್ವರಿಗೂ ಎಲ್ಲ ಕೆಲಸ ಸಿಗುತ್ತದೆ, ಉಳಿದ ಎಂಟು ನಿಮಿಷ ಬರವಣಿಗೆಗೆ. ಗಂಟೆ ಬಾರಿಸಿ ಕಡ್ಡಾಯವಾಗಿ ಬದಲಿಸಬೇಕು. ಇಲ್ಲದಿದ್ದರೆ ಮನೆಯಲ್ಲಿ ಫೋನು, ಕಂಪ್ಯೂಟರ್ ಇರುವ ಒಬ್ಬಿಬ್ಬರ ಕೈಯಲ್ಲೇ ಮೌಸ್ ಉಳಿದು, ಹುಡುಗಿಯರೂ ಹೊಸಬರೂ ನೋಡುತ್ತ ಕೂರುವಂತಾಗುತ್ತದೆ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡಹುವುದು ಮೊದಲ ದಿನಗಳಲ್ಲಿ ಸಾಮಾನ್ಯ. ಪ್ರತಿ ತಂಡಕ್ಕೂ ಬಣ್ಣದ ಗಡಿ ಹಾಕಿ ಜಾಗ ಹಂಚಬೇಕು. ನಿಯಮ ಮೀರಿದವರ ಕಟ್ಟುವ ಅಧಿಕಾರವನ್ನು ಶಿಕ್ಷಕರು ತಮ್ಮ ಕಂಪ್ಯೂಟರ್‌ನಿಂದಲೇ ತಾತ್ಕಾಲಿಕವಾಗಿ ಹಿಂಪಡೆಯಬಹುದು.

ಮೌಲ್ಯಮಾಪನ

ಕಟ್ಟಡದ ಅಂದಕ್ಕೆ ಅಂಕ ಕೊಡಬಾರದು. ನೋಡಬೇಕಾದದ್ದು ನಾಲ್ಕು: ಅಳತೆ ಮತ್ತು ಲೆಕ್ಕ ಸರಿಯಿವೆಯೇ, ತೀರ್ಮಾನಕ್ಕೆ ಆಧಾರವಿದೆಯೇ, ತಂಡದ ಯಾವುದೇ ಸದಸ್ಯರನ್ನು ಕೇಳಿದರೂ ವಿವರಿಸಬಲ್ಲರೇ, ಬೇರೆ ತಂಡದ ಪ್ರಶ್ನೆಯಿಂದ ತಮ್ಮ ಕೆಲಸ ತಿದ್ದಿಕೊಂಡರೇ. ಕೊನೆಗೆ ಪ್ರತಿಯೊಬ್ಬರೂ ಅರ್ಧ ಪುಟ ಸ್ವಂತ ಮಾತಿನಲ್ಲಿ ಬರೆಯಬೇಕು. ಇದನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಲೆಕ್ಕಕ್ಕೆ ತೆಗೆದುಕೊಂಡರೆ ಶಿಕ್ಷಕರಿಗೆ ಹೊಸ ಹೊರೆಯಾಗುವುದಿಲ್ಲ.

ಆರೋಗ್ಯ ಮತ್ತು ಸುರಕ್ಷತೆ

ಹೆಡ್‌ಸೆಟ್‌ನಲ್ಲಿ ಕಣ್ಣು ಚಲನೆ ಕಾಣುತ್ತದೆ, ದೇಹ ಮಾತ್ರ ನಿಂತಲ್ಲೇ ಇರುತ್ತದೆ. ಈ ವೈರುಧ್ಯದಿಂದ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಒಮ್ಮೆಗೆ ಕೆಲವೇ ನಿಮಿಷ, ಅದೂ ಕುಳಿತುಕೊಂಡೇ ನೋಡಿಸಬೇಕು. ತೊಂದರೆ ಎಂದವರನ್ನು ಒತ್ತಾಯಿಸಬಾರದು. ಮೂರ್ಛೆರೋಗ ಇರುವವರಿಗೆ ವೈದ್ಯರ ಸಲಹೆಯಿಲ್ಲದೆ ಹಾಕಬಾರದು. ತಯಾರಕರು ಸೂಚಿಸಿದ ಕನಿಷ್ಠ ವಯಸ್ಸನ್ನು ಪಾಲಿಸಬೇಕು. ಒಬ್ಬರಿಂದ ಒಬ್ಬರಿಗೆ ಕೊಡುವಾಗ ಮುಖಕ್ಕೆ ತಾಗುವ ಭಾಗ ಒರೆಸಬೇಕು. ಕಣ್ಣುಬೇನೆ ಹರಡಿರುವಾಗ ಹೆಡ್‌ಸೆಟ್ ಹಂಚಿಕೊಳ್ಳುವುದೇ ಬೇಡ.

ಇಂಟರ್ನೆಟ್ ಮೂಲಕ ಅಪರಿಚಿತರು ಸೇರುವ ಜಗತ್ತುಗಳಿಗೆ ಶಾಲಾ ಮಕ್ಕಳನ್ನು ಕರೆದೊಯ್ಯಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲರೂ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ದೃಢೀಕೃತ ಒಪ್ಪಿಗೆ ಬೇಕು. ಖಾತೆ ತೆರೆಯಬೇಕಾದ ಯಾವುದೇ ಸೇವೆ ಬಳಸುವ ಮೊದಲು ಪೋಷಕರ ಸಭೆಯಲ್ಲಿ ಅದನ್ನು ವಿವರಿಸಬೇಕು. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆ ದೂರಿಗೆ 1930 ಎಂಬುದನ್ನು ಲ್ಯಾಬ್ ಗೋಡೆಯ ಮೇಲೆ ಬರೆದಿಡಬೇಕು.

ಕೆಲಸ ಕಾಪಿಡುವುದು

ಶಾಲೆಗಳು ನೆಚ್ಚಿಕೊಂಡಿದ್ದ ಗೂಗಲ್ ಎಕ್ಸ್‌ಪೆಡಿಷನ್ಸ್ ಎಂಬ ವರ್ಚುವಲ್ ಪ್ರವಾಸದ ಸೇವೆ 2021ರಲ್ಲಿ ನಿಂತಿತು. ಮೈಕ್ರೋಸಾಫ್ಟ್‌ನ ಆಲ್ಟ್‌ಸ್ಪೇಸ್ ವಿಆರ್ 2023ರ ಮಾರ್ಚ್‌ನಲ್ಲಿ ಮುಚ್ಚಿತು, ಮೊಜಿಲ್ಲಾ ತನ್ನ ಹಬ್ಸ್ ಸೇವೆಯನ್ನು 2024ರ ಮೇ ಕೊನೆಯಲ್ಲಿ ನಿಲ್ಲಿಸಿತು. ಯಾರದೋ ಸರ್ವರ್‌ನಲ್ಲಿ ಕಟ್ಟಿದ್ದು ಯಾವಾಗ ಬೇಕಾದರೂ ಇಲ್ಲವಾಗಬಹುದು ಎಂಬುದಕ್ಕೆ ಇವು ಸಾಕ್ಷಿ. ಮಕ್ಕಳ ಕೆಲಸ ಶಾಲೆಯ ಕೈಯಲ್ಲೇ ಇರಬೇಕು. ಲುವಾಂಟಿಯ ಜಗತ್ತು 'ವರ್ಲ್ಡ್ಸ್' ಎಂಬ ಫೋಲ್ಡರ್‌ನಲ್ಲಿ ಇರುತ್ತದೆ. ಪ್ರತಿ ಪಾಠದ ನಂತರ ಆಟ ಮುಚ್ಚಿ, ಆ ಫೋಲ್ಡರ್ ಅನ್ನು ದಿನಾಂಕ ಹಾಕಿ ಎರಡು ಕಡೆ ನಕಲು ಮಾಡಿಡಬೇಕು. ಅದರ ಜೊತೆಗೆ ಚೌಕಳಿ ಹಾಳೆಯ ನಕ್ಷೆಗಳು, ಚೀಟಿಗಳು, ಆಧಾರ–ಊಹೆಯ ಪಟ್ಟಿಗಳನ್ನು ಕಡತದಲ್ಲಿ ಸೇರಿಸಿಟ್ಟರೆ ಮುಂದಿನ ವರ್ಷದ ವಿದ್ಯಾರ್ಥಿಗಳು ಮೊದಲಿನಿಂದ ಶುರುಮಾಡಬೇಕಿಲ್ಲ: ಹಿಂದಿನವರ ಊಹೆಗಳನ್ನು ಪರೀಕ್ಷಿಸಿ, ತಪ್ಪಿದ್ದನ್ನು ತಿದ್ದಿ, ಬಿಟ್ಟದ್ದನ್ನು ಕಟ್ಟುತ್ತಾರೆ. ನಾಲ್ಕೂ ತಾಲ್ಲೂಕುಗಳ ಶಾಲೆಗಳು ಈ ಫೋಲ್ಡರ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ವಿನಿಮಯ ಮಾಡಿಕೊಂಡರೆ ಇಂಡಿಯ ಮಕ್ಕಳು ಕಟ್ಟಿದ ಸಾಲೋಟಗಿಯನ್ನು ಬಾಗೇವಾಡಿಯ ಮಕ್ಕಳೂ, ಬಾಗೇವಾಡಿಯವರ ಟಿಎಂಸಿ ಘನವನ್ನು ಸಿಂದಗಿಯವರೂ ಪಾಠಕ್ಕೆ ಬಳಸಬಹುದು.